ಅಜ್ಜಿಯರ ಊರು

ಕ್ಷಾಮವಾಗಲಿ, ಕಾಲರಾದಂಥ ಮಾರಿಯಾಗಲಿ ಒಂದು ನಾಡಿನ ಮೇಲೆ ಎರಗಿದಾಗ ಮೊದಲು ಕುಸಿದುಬೀಳುವವರು ಹಸುಗೂಸುಗಳು ಮತ್ತು ವೃದ್ಧರು. ನಡುಹರೆಯದವರು ಹೇಗೋ ಜೀವ ಹಿಡಿದುಕೊಂಡಿದ್ದು, ಮಳೆ ಬಿದ್ದೊಡನೆ ಮತ್ತೆ ಹೊಲಕ್ಕಿಳಿದು, ಮುರಿದುಹೋದ ಸಂಸಾರವನ್ನು ಎತ್ತಿ ನಿಲ್ಲಿಸುವರು ಎಂಬುದು ಮನುಷ್ಯಕುಲದ ದೀರ್ಘಕಾಲದ ಅನುಭವ. ಕಳೆದ ಶತಮಾನದ ಅಂತ್ಯಭಾಗದಲ್ಲಿ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ದೇಶಗಳನ್ನು ವ್ಯಾಪಿಸಿದ ಏಡ್ಸ್ ವ್ಯಾಧಿಯು ಈ ಕ್ರಮವನ್ನೇ ತಲೆಕೆಳಗು ಮಾಡಿತು. ದುಡಿಯುವ ವಯಸ್ಸಿನವರನ್ನು, ಹೆತ್ತು ಸಾಕುವ ವಯಸ್ಸಿನವರನ್ನು ಆರಿಸಿ ಆರಿಸಿ ಕೊಂಡೊಯ್ದು, ಅದು ಸಂಸಾರದ ಎರಡು ತುದಿಗಳನ್ನು ಮಾತ್ರ ಉಳಿಸಿತು: ತಾನು ಹೆತ್ತವರನ್ನು ಮಣ್ಣು ಮಾಡಿ ಬಂದ ಮುದುಕಿಯೊಬ್ಬಳು, ಅವಳ ಸೆರಗು ಹಿಡಿದ ತಬ್ಬಲಿ ಮೊಮ್ಮಕ್ಕಳು ಐದಾರು ಮಂದಿ. ಕೀನ್ಯಾದ ಅಧ್ಯಕ್ಷರಾಗಿದ್ದ ಮೋಯಿಯವರು 1999ರ ನವೆಂಬರಿನಲ್ಲಿ ಈ ವ್ಯಾಧಿಯನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸುವ ಹೊತ್ತಿಗೆ ಆ ದೇಶದ ಹಳ್ಳಿಗಳಲ್ಲಿ ಇಂಥ ಮನೆ ಅಪೂರ್ವವಾದ ನೋಟವಾಗಿ ಉಳಿದಿರಲಿಲ್ಲ.

ನೈರೋಬಿಯಿಂದ ಪೂರ್ವಾಭಿಮುಖವಾಗಿ ಹೋದರೆ ಸಿಕ್ಕುವ ಕಿಟುಯಿ ಪ್ರಾಂತ್ಯದಲ್ಲಿ, ಕೆಮ್ಮಣ್ಣು ಮತ್ತು ಮುಳ್ಳುಪೊದೆಗಳ ಬಯಲಿನ ನಡುವೆ, ಸ್ಥಳೀಯ ಆಡಳಿತವು ದಾನವಾಗಿ ಕೊಟ್ಟ ಸುಮಾರು 1,000 ಎಕರೆ ನೆಲದಲ್ಲಿ, ಈ ಎರಡು ತುದಿಗಳನ್ನೇ ಗಂಟು ಹಾಕಿ ಒಂದು ಊರನ್ನು ಕಟ್ಟಿದ್ದಾರೆ. ಅದರ ಹೆಸರು ನ್ಯುಂಬಾನಿ ಗ್ರಾಮ. ಸ್ವಾಹಿಲಿಯಲ್ಲಿ ಹಾಗೆಂದರೆ ‘ಮನೆಯಲ್ಲಿ’ ಎಂದರ್ಥ. 2006ರಲ್ಲಿ ಆರಂಭವಾದ ಈ ಗ್ರಾಮದಲ್ಲಿ ನೂರರಷ್ಟು ಮಂದಿ ಹಿರಿಯರೂ ಸಾವಿರದಷ್ಟು ಮಕ್ಕಳೂ ವಾಸಿಸತಕ್ಕದ್ದೆಂಬುದು ಕಟ್ಟಿದವರ ಸಂಕಲ್ಪವಾಗಿತ್ತು. ಒಂದೊಂದು ಮನೆಗೆ ಒಬ್ಬ ಅಜ್ಜಿ, ಎಲ್ಲೋ ಕೆಲವೆಡೆ ಅಜ್ಜ. ಅವರ ಆಶ್ರಯದಲ್ಲಿ ಹತ್ತರಷ್ಟು ಮಕ್ಕಳು. ಅವರಲ್ಲಿ ಕೆಲವರು ಆಕೆಯ ಸ್ವಂತ ಮೊಮ್ಮಕ್ಕಳು, ಉಳಿದವರು ಬೇರೆಯವರ ಮಕ್ಕಳು. ಆ ಪ್ರಾಂತ್ಯದ ಕಂಬಾ ಜನರ ಭಾಷೆಯಲ್ಲಿ ಎಲ್ಲರೂ ಆಕೆಯನ್ನು ‘ಸುಸು’ ಎಂದೇ ಕರೆಯುವರು. ಒಡಹುಟ್ಟಿದವರನ್ನು ಬೇರ್ಪಡಿಸಿ ವಯಸ್ಸಿಗೊಂದು ಕೊಠಡಿಯಂತೆ ಹಂಚುವ ಪದ್ಧತಿಯನ್ನು ಇಲ್ಲಿ ಕೈಬಿಟ್ಟಿದ್ದಾರೆ.

ಧರ್ಮಶ್ರದ್ಧೆಯಿಂದ ಹುಟ್ಟಿದ ಶಿಶುಧಾಮಗಳು ಆಫ್ರಿಕಾ ಖಂಡಕ್ಕೆ ಹೊಸತಲ್ಲ. ಲಿಲಿಯನ್ ಟ್ರಾಶರ್ ಎಂಬ ಅಮೆರಿಕದ ತರುಣಿ 1911ರಲ್ಲಿ ನೈಲ್ ನದಿಯ ದಂಡೆಯ ಅಸ್ಯೂತಿನಲ್ಲಿ, ಮರಣಶಯ್ಯೆಯಲ್ಲಿದ್ದ ತಾಯಿಯೊಬ್ಬಳ ಕೂಸನ್ನು ಎತ್ತಿಕೊಂಡು ಬಂದು ತೆರೆದ ಅನಾಥಾಲಯವು, ಆಕೆ ಕತ್ತೆಯ ಮೇಲೆ ಹಳ್ಳಿ ಹಳ್ಳಿ ತಿರುಗಿ ಕಾಳುಕಡ್ಡಿ ಬೇಡಿ ತಂದುದರಿಂದಲೇ ಬೆಳೆದು, 1961ರಲ್ಲಿ ಆಕೆ ತೀರಿಕೊಳ್ಳುವ ಪರ್ಯಂತ ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿತು. ಆ ಮಹಾತಾಯಿಯ ಬಗ್ಗೆ ಎಷ್ಟು ಗೌರವವಿದ್ದರೂ ಒಂದು ಮಾತನ್ನು ಹೇಳಲೇಬೇಕು: ಅಲ್ಲಿ ತಾಯಿ ಒಬ್ಬಳು, ಮಕ್ಕಳು ನೂರಾರು, ಅಂಥ ಸಂಸ್ಥೆಯ ಆಯುಷ್ಯವೂ ಶೀಲವೂ ಒಬ್ಬ ವ್ಯಕ್ತಿಯ ಉಸಿರನ್ನು ನೆಚ್ಚಿಕೊಂಡಿರುತ್ತವೆ. ಕಿಟುಯಿಯ ಗ್ರಾಮವನ್ನು ಕಲ್ಪಿಸಿದವರು ಈ ಹಳೆಯ ಮಾದರಿಯನ್ನು ಬಿಟ್ಟುಕೊಟ್ಟುದು ಒಂದೇ ದಿನದಲ್ಲಿ ಹೊಳೆದ ಉಪಾಯದಿಂದಲ್ಲ. ಆ ಮಾದರಿಯನ್ನು ತಾವೇ ನಡೆಸಿ ನೋಡಿದ ಬಳಿಕ.

ಏಂಜೆಲೊ ಡಿ’ಆಗಸ್ಟಿನೊ ಎಂಬವರು ಅಮೆರಿಕದಲ್ಲಿ 1926ರಲ್ಲಿ ಜನಿಸಿ, ಮೊದಲು ಶಸ್ತ್ರವೈದ್ಯರಾಗಿ, 1955ರಲ್ಲಿ ಜೆಸೂಯಿಟ್ ಸಂಘವನ್ನು ಸೇರಿ, ಮುಂದೆ ಮನೋವೈದ್ಯರೂ ಪಾದ್ರಿಗಳೂ ಆಗಿ, ನಿರಾಶ್ರಿತರ ಸೇವೆಗಾಗಿ ಪೂರ್ವ ಆಫ್ರಿಕಾಕ್ಕೆ ಬಂದವರು. ಆಸ್ಪತ್ರೆಗಳಲ್ಲಿ ತ್ಯಜಿಸಲ್ಪಟ್ಟ, ಎಚ್‌ಐವಿ ಸೋಂಕಿತರೆಂದು ಹಣೆಪಟ್ಟಿ ಹೊತ್ತ ಶಿಶುಗಳನ್ನು ಯಾವ ಅನಾಥಾಲಯವೂ ಒಳಗೆ ಕರೆದುಕೊಳ್ಳದಿದ್ದುದನ್ನು ಕಂಡು, ಅವರು ಐರ್ಲೆಂಡಿನ ಲೊರೆಟೊ ಸಂಘದ ಸಿಸ್ಟರ್ ಮೇರಿ ಓವೆನ್ಸ್ ಅವರೊಡಗೂಡಿ 1992ರಲ್ಲಿ ನೈರೋಬಿಯ ಹೊರವಲಯದಲ್ಲಿ ಬೆರಳೆಣಿಕೆಯ ಕೂಸುಗಳೊಡನೆ ಮೊದಲ ನ್ಯುಂಬಾನಿಯನ್ನು ತೆರೆದರು. (ಮದರ್ ತೆರೇಸಾ ಕಲ್ಕತ್ತೆಯಲ್ಲಿ ತಮ್ಮದೇ ಸಂಘವನ್ನು ಸ್ಥಾಪಿಸುವುದಕ್ಕೆ ಮುಂಚೆ ಇದ್ದುದೂ ಲೊರೆಟೊ ಸಂಘದಲ್ಲೇ.) ಔಷಧವಿಲ್ಲದ ಕಾಲವದು. ಒಂದು ಮಗುವನ್ನು ಒಳಗೆ ತಂದಾಗಲೇ ಅದು ಶಾಲೆಗೆ ಹೋಗುವಷ್ಟು ದೊಡ್ಡದಾಗುವುದೋ ಇಲ್ಲವೋ ಎಂಬ ಶಂಕೆಯೂ ಜೊತೆಗೇ ಬರುತ್ತಿತ್ತು. ಮಕ್ಕಳ ಅಂತ್ಯಕ್ರಿಯೆ ಆ ಮನೆಯ ದಿನಚರಿಯೊಳಗೆ ಸೇರಿಹೋಗಿತ್ತು.

ಆದರೂ ಆ ಕತ್ತಲೆಯಲ್ಲಿ ವೈದ್ಯನೊಬ್ಬನಿಗೆ ಮಾತ್ರ ಕಾಣಬಹುದಾಗಿದ್ದ ಒಂದು ಸಂಗತಿಯಿತ್ತು. ತಾಯಿಯ ರಕ್ತದಲ್ಲಿನ ಪ್ರತಿಕಾಯಗಳು ಗರ್ಭದಲ್ಲಿಯೇ ಶಿಶುವಿಗೆ ದಾಟಿ, ಸುಮಾರು ಒಂದೂವರೆ ವರ್ಷದ ತನಕ ಅದರ ರಕ್ತದಲ್ಲಿ ಉಳಿಯಬಲ್ಲವು. ಆದುದರಿಂದ ಸಾಧಾರಣ ಪರೀಕ್ಷೆಯು ಸೋಂಕಿಲ್ಲದ ಕೂಸನ್ನೂ ಸೋಂಕಿತವೆಂದೇ ತೋರಿಸುವುದು. ಚಿಕಿತ್ಸೆಯೇ ಇಲ್ಲದ ಸ್ಥಿತಿಯಲ್ಲಿಯೂ ತಾಯಿಯಿಂದ ಮಗುವಿಗೆ ಸೋಂಕು ನಿಜವಾಗಿ ತಗಲುವುದು ನೂರಕ್ಕೆ 15ರಿಂದ 45 ಪ್ರಸಂಗಗಳಲ್ಲಿ ಮಾತ್ರ. ಎಂದರೆ, ಸಾಯುವುವೆಂದು ಬಂಧುಗಳೂ ಆಸ್ಪತ್ರೆಯವರೂ ಕೈಬಿಟ್ಟ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆರೋಗ್ಯವಂತರು. ಅವರಿಗೆ ಬೇಕಾಗಿದ್ದುದು ಔಷಧವಲ್ಲ, ಹದಿನೆಂಟು ತಿಂಗಳ ಹಾಲು ಮತ್ತು ಕಾಯುವ ತಾಳ್ಮೆ. ಪರೀಕ್ಷೆಯ ಕಾಗದವೊಂದನ್ನು ಸರಿಯಾಗಿ ಓದಿದ ಮಾತ್ರಕ್ಕೆ ಇಷ್ಟು ಪ್ರಾಣಗಳುಳಿದ ನಿದರ್ಶನ ದಾನಧರ್ಮದ ಇತಿಹಾಸದಲ್ಲಿ ವಿರಳವೇ ಸರಿ.

ಉಳಿದವರ ಪಾಲಿಗೆ ಔಷಧವು ಬಂದುದು ಭಾರತದ ದಾರಿಯಿಂದ. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿ ಬೆಲೆಯಿದ್ದ ಮೂರು ಔಷಧಗಳ ಸಂಯೋಗವನ್ನು 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯು ದಿನಕ್ಕೆ ಒಂದು ಡಾಲರಿಗಿಂತ ಕಡಮೆ ಬೆಲೆಗೆ ಕೊಡಲು ಮುಂದೆ ಬಂದಾಗ, ಪೇಟೆಂಟಿನ ನಿರ್ಬಂಧವನ್ನು ಲೆಕ್ಕಿಸದೆ ಆ ಮಾತ್ರೆಗಳನ್ನು ತರಿಸಿಯೇ ತೀರುವುದಾಗಿ ಈ ವೃದ್ಧ ಪಾದ್ರಿ ಬಹಿರಂಗವಾಗಿ ಸಾರಿದರು. ಅದೇ ವರ್ಷ ಕೀನ್ಯಾದ ಸಂಸತ್ತು ಅಂಥ ಆಮದಿಗೆ ದಾರಿ ಮಾಡಿಕೊಡುವ ಶಾಸನವನ್ನು ಅಂಗೀಕರಿಸಿತು. ಮಾತ್ರೆಗಳು ಬಂದುವು, ಮಕ್ಕಳು ಬದುಕಿದರು. ಬದುಕಿದೊಡನೆ ಶಾಲೆಯ ಪ್ರಶ್ನೆ ಎದ್ದಿತು. 2003ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸಿದ ಅದೇ ಸರಕಾರದ ಶಾಲೆಗಳು ಈ ಮಕ್ಕಳನ್ನು ಬಾಗಿಲಿನಿಂದಲೇ ಹಿಂದೆ ಕಳುಹಿದಾಗ ನ್ಯುಂಬಾನಿಯವರು ನ್ಯಾಯಾಲಯದ ಮೆಟ್ಟಿಲೇರಿ, 2004ರ ಆರಂಭದಲ್ಲಿ ಪ್ರವೇಶದ ಹಕ್ಕನ್ನು ಪಡೆದರು. ಶಿಶುಧಾಮ ನಡೆಸುವುದೆಂದರೆ ಅನ್ನ, ಬಟ್ಟೆ, ಪ್ರಾರ್ಥನೆ ಎಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬೇಕು: ಅದರ ಅರ್ಧ ಕೆಲಸ ವಕೀಲರ ಕಚೇರಿಯಲ್ಲಿ ನಡೆಯುವುದು.

ಈ ನಡುವೆ ಸಂಸ್ಥೆಯ ದೃಷ್ಟಿಯೂ ಮೆಲ್ಲಮೆಲ್ಲನೆ ಗೋಡೆಯ ಹೊರಗೆ ಸರಿಯುತ್ತ ಬಂದಿತ್ತು. ಎಷ್ಟು ಹಾಸಿಗೆಗಳನ್ನು ಹಾಕಿದರೂ ನೂರು ಮಕ್ಕಳಿಗಿಂತ ಹೆಚ್ಚು ಮಂದಿಗೆ ಜಾಗವಾಗದು. ನೈರೋಬಿಯ ಕೊಳೆಗೇರಿಗಳಲ್ಲಿಯೋ ಸೋಂಕಿತ ಮಕ್ಕಳು ಸಾವಿರಗಟ್ಟಲೆ, ಅವರಲ್ಲಿ ಬಹುಮಂದಿಗೆ ತಾಯಿಯೋ ಚಿಕ್ಕಮ್ಮನೋ ಅಜ್ಜಿಯೋ ಇದ್ದಾರೆ. ಹೀಗೆ 1998ರಲ್ಲಿ ‘ಲೆಯಾ ತೋತೊ’ ಎಂಬ ಕಾರ್ಯಕ್ರಮ ಹುಟ್ಟಿತು: ಮಗುವನ್ನು ಎತ್ತಿಕೊಂಡು ಬರುವ ಬದಲು, ಮಗುವಿರುವ ತಗಡಿನ ಗುಡಿಸಲಿಗೇ ದಾದಿಯನ್ನೂ ಔಷಧವನ್ನೂ ಹಿಟ್ಟನ್ನೂ ಕಳುಹುವ ವ್ಯವಸ್ಥೆ. ಕಿಟುಯಿಯ ಗ್ರಾಮವು ಈ ಸರಣಿಯಲ್ಲಿ ಮೂರನೆಯದು. ಬಂಧುಗಳಿಲ್ಲದವರಿಗೆ ಧಾಮ, ಬಂಧುಗಳಿದ್ದವರಿಗೆ ಮನೆಬಾಗಿಲಿನ ನೆರವು, ಬಂಧುವು ಇದ್ದೂ ಆಕೆಯೇ ನಿರ್ಗತಿಕಳಾಗಿದ್ದಲ್ಲಿ ಆಕೆಗೂ ಮಗುವಿಗೂ ಒಟ್ಟಿಗೆ ಒಂದು ಮನೆ ಮತ್ತು ನೆಲ.

ಊರನ್ನು ಕಟ್ಟುವುದು ಸುಲಭ, ನಡೆಸುವುದು ಕಷ್ಟ. ಕಿಟುಯಿಯಲ್ಲಿ ವರ್ಷಕ್ಕೆರಡು ಮಳೆಗಾಲ. ಮಾರ್ಚಿನಿಂದ ಮೇ ತಿಂಗಳವರೆಗಿನದು ಹೆಸರಿಗೆ ದೊಡ್ಡ ಮಳೆ, ಆದರೆ ಅಲ್ಲಿನ ಒಕ್ಕಲಿಗ ನೆಚ್ಚುವುದು ಅಕ್ಟೋಬರಿನ ಅನಂತರ ಬರುವ ಸಣ್ಣ ಮಳೆಯನ್ನು. ಎರಡೂ ಕೈಕೊಡುವ ವರ್ಷಗಳೂ ಬರುತ್ತವೆ. ಹೊಳೆಗಳು ಮಳೆ ನಿಂತ ಕೆಲವೇ ದಿನಗಳಲ್ಲಿ ಬತ್ತಿ ಮರಳಿನ ಹಾಸುಗಳಾಗುವುವು. ಈ ಮರಳನ್ನೇ ಉಪಾಯವಾಗಿ ಬಳಸಿಕೊಂಡ ಉಕಂಬಾನಿಯ, ಎಂದರೆ ಕಂಬಾ ಸೀಮೆಯ, ಜನರ ಮರಳಣೆಕಟ್ಟುಗಳು ಲೋಕಪ್ರಸಿದ್ಧವಾಗಿವೆ. ಬಂಡೆ ಮೇಲಕ್ಕೆ ಬಂದ ಜಾಗದಲ್ಲಿ ಹೊಳೆಗೆ ಅಡ್ಡಲಾಗಿ ಒಂದು ಗಾರೆಯ ಗೋಡೆ. ಪ್ರವಾಹವು ಹೊತ್ತು ತಂದ ಒರಟು ಮರಳು ಅದರ ಹಿಂದೆ ತುಂಬಿ ನಿಲ್ಲುವುದು. ಮರಳಿನ ಕಣಗಳ ಸಂದಿನಲ್ಲಿ, ಒಟ್ಟು ಗಾತ್ರದ ಕಾಲುಭಾಗಕ್ಕೂ ಮೀರಿ, ನೀರು ಅಡಗಿರುವುದು. ಬಿಸಿಲು ಅದನ್ನು ಹೀರದು, ದನ ಕದಡದು, ಸೊಳ್ಳೆ ಮೊಟ್ಟೆಯಿಡದು. ಬೇಸಗೆಯಲ್ಲಿ ಹೆಣ್ಣುಮಕ್ಕಳು ಒಣಗಿದ ಹೊಳೆಯಲ್ಲಿ ಕುಳಿತು, ಸೋರೆ ಬುರುಡೆಯಿಂದ ಗುಂಡಿ ತೋಡಿ, ತಿಳಿ ಊರುವ ತನಕ ಕಾದು, ಬೊಗಸೆ ಬೊಗಸೆಯಾಗಿ ಹಳದಿ ಜೆರಿಕ್ಯಾನುಗಳಿಗೆ ತುಂಬುವುದನ್ನು ಆ ಪ್ರಾಂತ್ಯದಲ್ಲಿ ಎಲ್ಲಿಯೂ ಕಾಣಬಹುದು.

ಊಟವೂ ಆ ನೆಲದ್ದೇ. ಮೆಕ್ಕೆಜೋಳವನ್ನು ಒರಳಿಗೆ ಹಾಕಿ ಕುಟ್ಟಿ, ಮೇಲಿನ ಹೊಟ್ಟನ್ನು ಕೇರಿ, ಅಲಸಂದೆಯನ್ನೋ ಅವರೆಯನ್ನೋ ಬೆರಸಿ ಗಂಟೆಗಟ್ಟಲೆ ಬೇಯಿಸಿದ ‘ಮುಥೊಕೊಯಿ’ ಅವರ ಪ್ರಿಯಾಹಾರ. ಹೆಸರುಕಾಳೂ ತೊಗರಿಯೂ ಕಿಟುಯಿಯ ಮುಖ್ಯ ಬೆಳೆಗಳಲ್ಲಿ ಸೇರಿವೆ. ಆ ಸೀಮೆಯ ತೊಗರಿಯಲ್ಲಿ ಒಂದು ಪಾಲು ಸಮುದ್ರ ದಾಟಿ ಭಾರತದ ಮಾರುಕಟ್ಟೆಗೂ ಬರುವುದುಂಟು, ನಮ್ಮ ಸಾರಿನ ಬೇಳೆ ಯಾವ ಅಜ್ಜಿಯ ಹೊಲದ್ದೆಂದು ನಾವು ವಿಚಾರಿಸುವುದಿಲ್ಲ, ಅಷ್ಟೆ. ಸುಸುಗಳು ಬಿಡುವಿನಲ್ಲಿ ಕತ್ತಾಳೆಯ ನಾರನ್ನು ತೊಡೆಯ ಮೇಲೆ ಹೊಸೆದು ‘ಕಿಯೊಂಡೊ’ ಎಂಬ ಬುಟ್ಟಿಚೀಲಗಳನ್ನು ಹೆಣೆಯುವರು. ಮನೆಯ ಪಕ್ಕದ ಕೈತೋಟದಲ್ಲಿ ಸೊಪ್ಪು, ಹಿತ್ತಲಲ್ಲಿ ಕೋಳಿ. ಈ ಸಣ್ಣ ಸ್ವಾತಂತ್ರ್ಯಗಳು ಅಜ್ಜಿಯನ್ನು ಸಂಬಳದ ಆಯಾಳಾಗದಂತೆ ಕಾಯುತ್ತವೆ ಎಂದು ನನ್ನ ಎಣಿಕೆ: ಒಲೆಯ ಮೇಲೆ ಏನಿಡಬೇಕು, ಯಾವ ಹುಡುಗನಿಗೆ ಮೊದಲು ಬಡಿಸಬೇಕು, ಯಾರನ್ನು ಗದರಬೇಕು ಎಂಬ ತೀರ್ಮಾನ ಆಕೆಯದಾಗಿರುವಷ್ಟು ಕಾಲ ಅದು ಮನೆ, ಆ ತೀರ್ಮಾನವನ್ನು ಕಚೇರಿಯು ಕಸಿದುಕೊಂಡ ದಿನ ಅದು ವಿದ್ಯಾರ್ಥಿನಿಲಯ.

ಇನ್ನು ಕಾಗದಪತ್ರಗಳ ಸಂಗತಿ. ಕೀನ್ಯಾದಲ್ಲಿ ಹದಿನೆಂಟು ತುಂಬಿದವನಿಗೆ ಗುರುತಿನ ಚೀಟಿ ಬೇಕು. ಚೀಟಿಗೆ ಜನನ ಪತ್ರ, ತಾಯಿತಂದೆಯರ ದಾಖಲೆ ಬೇಕು. ತಾಯಿತಂದೆಯರು ಯಾವ ಹಳ್ಳಿಯ ಯಾವ ಹೊಲದ ಅಂಚಿನಲ್ಲಿ ಮಣ್ಣಾದರೋ ಬಲ್ಲವರು ವಿರಳ. ಚೀಟಿಯಿಲ್ಲದೆ ಕೆಲಸವಿಲ್ಲ, ಬ್ಯಾಂಕಿನ ಖಾತೆಯಿಲ್ಲ. ಇದಕ್ಕೂ ಸೂಕ್ಷ್ಮವಾದುದು ಭೂಮಿಯ ಪ್ರಶ್ನೆ. ಕಂಬಾ ಕುಲಗಳಲ್ಲಿ ತಬ್ಬಲಿ ಮಗುವಿನ ಪೋಷಣೆಯೂ ಅದರ ತಂದೆಯ ಹೊಲದ ಪಾಲೂ ಕುಲದ ಹಿರಿಯರ ಹೊಣೆ. ಮಗುವು ಧಾಮದಲ್ಲಿ ಸುಖವಾಗಿದೆಯೆಂಬ ಸುದ್ದಿ ಊರಿಗೆ ಮುಟ್ಟಿದ ಬಳಿಕ ಚಿಕ್ಕಪ್ಪನ ಬೇಲಿ ವರ್ಷ ವರ್ಷವೂ ಒಂದೊಂದು ಹೆಜ್ಜೆ ಸರಿಯುವ ಭಯ ಇದ್ದೇ ಇರುವುದು. ರಜೆಯಲ್ಲಿ ಮಕ್ಕಳನ್ನು ಬಂಧುಗಳಿದ್ದಲ್ಲಿಗೆ ಕಳುಹಿ, ಹಿರಿಯರಿಗೆ ಅವರ ಮುಖಪರಿಚಯ ತಪ್ಪದಂತೆ ನೋಡಿಕೊಳ್ಳುವ ಸಮಾಜಕಾರ್ಯಕರ್ತನ ಕೆಲಸ ಮೇಲ್ನೋಟಕ್ಕೆ ಕ್ಷುಲ್ಲಕವಾಗಿ ಕಂಡರೂ ಹತ್ತು ಪ್ರಾರ್ಥನಾಸಭೆಗಳಿಗಿಂತ ಬೆಲೆಯುಳ್ಳದ್ದು.

ಹಾಗಾದರೆ ಧರ್ಮಕ್ಕೆ ಇಲ್ಲಿ ಸ್ಥಾನವೇನು? ಸಂಸ್ಥೆ ಕ್ಯಾಥೊಲಿಕರದ್ದು, ಉಕಂಬಾನಿಯಲ್ಲಿಯೋ ಆಫ್ರಿಕಾ ಇನ್‌ಲ್ಯಾಂಡ್ ಚರ್ಚಿನಂಥ ಪ್ರಾಟೆಸ್ಟಂಟ್ ಸಭೆಗಳ ಅನುಯಾಯಿಗಳು ಬಹಳ. ಅಜ್ಜಿ ಒಂದು ಸಭೆಗೂ ಆಕೆಯ ಕೈಗೆ ಬಂದ ಮಗು ಇನ್ನೊಂದಕ್ಕೂ ಸೇರಿರುವುದು ಅಂಥ ನೆಲದಲ್ಲಿ ಸಹಜ. ಅನ್ನಕ್ಕೆ ಪ್ರತಿಯಾಗಿ ಮತವನ್ನು ಕೇಳುವ ದುರಾಸೆಯು ಯಾವ ಧರ್ಮಸಂಸ್ಥೆಗೂ ಅಂಟಬಹುದಾದ ಕಲಂಕ. ಅಂಥ ಆಸೆಯಿದ್ದಲ್ಲಿ ಅಜ್ಜಿಯ ಅಧಿಕಾರ ಉಳಿಯಲಾರದು. ನನಗೆ ತೋರುವಂತೆ ಶ್ರದ್ಧೆಯ ನಿಜವಾದ ಉಪಯೋಗವಿರುವುದು ಬೇರೆಡೆ: ಸಂಬಳಕ್ಕಾಗಿ ಬಂದವನು ಮೂರು ವರ್ಷದಲ್ಲಿ ಹೊರಟುಹೋಗುವ ಜಾಗದಲ್ಲಿ ಸಂನ್ಯಾಸಿನಿಯೊಬ್ಬಳು ದಶಕಗಳ ಕಾಲ ಅದೇ ಖರ್ಚುಪುಸ್ತಕವನ್ನು ಬರೆಯುತ್ತ ಕುಳಿತಿರುವಳು. 2006ರ ನವೆಂಬರಿನಲ್ಲಿ, ಗ್ರಾಮ ತೆರೆದ ವರ್ಷದಲ್ಲಿಯೇ, ಡಿ’ಆಗಸ್ಟಿನೊ ನೈರೋಬಿಯಲ್ಲಿ ತೀರಿಕೊಂಡರು. ಸ್ಥಾಪಕನೊಡನೆ ಸಂಸ್ಥೆಯೂ ಮುಗಿಯುವ ರೂಢಿಯು ಇಲ್ಲಿ ತಪ್ಪಿದ್ದು ಸಿಸ್ಟರ್ ಓವೆನ್ಸ್ ಮುಂತಾದವರ ಇಂಥ ಸ್ಥೈರ್ಯದಿಂದ.

ಹಣದ ವಿಚಾರದಲ್ಲಿ ಈ ಗ್ರಾಮದವರು ತೋರಿಸಿದ ಮುಂದಾಲೋಚನೆ ನಮ್ಮ ರೈತರಿಗೂ ರುಚಿಸೀತು. ಅವರು ನೆಟ್ಟಿರುವುದು ‘ಮುಕಾವು’ ಮರವನ್ನು. ಕರ್ನಾಟಕದ ಬೇಸಾಯಗಾರರು ಈಚೆಗೆ ಬದುಗಳ ಮೇಲೆ ಬೆಳೆಸುತ್ತಿರುವ ಹೆಬ್ಬೇವಿನ ಕುಲಕ್ಕೇ ಸೇರಿದ, ಬರವನ್ನು ತಾಳಬಲ್ಲ, ಗೆದ್ದಲು ಸುಲಭವಾಗಿ ಮುಟ್ಟದ ಮರ ಅದು. ಹದಿನೈದು ವರ್ಷದೊಳಗೆ ಕೊಯ್ತಕ್ಕೆ ಬರುವುದು. ಬೀಜವನ್ನು ಮೊಳೆಸುವುದೇ ದೊಡ್ಡ ಕಸುಬು: ಕಲ್ಲಿನಂಥ ಓಟೆಯನ್ನು ಒಂದೊಂದಾಗಿ ಕತ್ತಿಯಿಂದ ಒಡೆದು, ಒಳಗಿನ ತೆಳು ಬೀಜ ಮುರಿಯದಂತೆ ತೆಗೆದು, ತುದಿಯನ್ನು ಚಿವುಟಿ, ನೆನೆಹಾಕಿ, ಅನಂತರ ಪಾತಿಗೆ ಬಿಡಬೇಕು. ಪರದೇಶದ ದಾನಿಗಳ ಮನಸ್ಸು ತಿರುಗಿದರೂ ಊರು ತನ್ನ ಮರಮುಟ್ಟಿನ ಹುಟ್ಟುವಳಿಯಿಂದ ನಡೆಯಬೇಕೆಂಬುದು ಉದ್ದೇಶ. ಆ ಭಯ ಕಾಲ್ಪನಿಕವಲ್ಲವೆಂಬುದು 2025ರ ಜನವರಿಯಲ್ಲಿ ಸಿದ್ಧವಾಯಿತು. 2003ರಿಂದ ಆಫ್ರಿಕಾದ ಏಡ್ಸ್ ಚಿಕಿತ್ಸೆಗೆ ಆಧಾರವಾಗಿದ್ದ ಅಮೆರಿಕದ ನೆರವು ಒಂದು ಆಜ್ಞೆಯಿಂದ ಸ್ಥಗಿತಗೊಂಡಾಗ, ನೈರೋಬಿಯ ನ್ಯುಂಬಾನಿಯೂ ಔಷಧದ ಚಿಂತೆಗೆ ಬಿದ್ದಿತು.

ಇಷ್ಟನ್ನೆಲ್ಲ ಮೆಚ್ಚಿದ ಬಳಿಕವೂ ಒಂದು ಪ್ರತಿವಾದವನ್ನು ಕೇಳದೆ ವಿಧಿಯಿಲ್ಲ. ಅದನ್ನು ಹೂಡಿರುವುದು ಸ್ವತಃ ಆಫ್ರಿಕಾದ ಸರಕಾರಗಳೇ. ಮಗುವಿಗೆ ಸಂಸ್ಥೆಯು ಕಟ್ಟಕಡೆಯ ಗತಿಯಾಗಿರಬೇಕೆಂದು 2009ರಲ್ಲಿ ವಿಶ್ವಸಂಸ್ಥೆ ಮಾರ್ಗಸೂಚಿ ಹೊರಡಿಸಿತು. ರುವಾಂಡಾ 2012ರಲ್ಲಿ ತನ್ನ ಅನಾಥಾಲಯಗಳನ್ನು ಮುಚ್ಚಿ ಮಕ್ಕಳನ್ನು ಕುಟುಂಬಗಳಿಗೆ ಒಪ್ಪಿಸುವ ಕಾರ್ಯಕ್ಕೆ ತೊಡಗಿತು. ಕೀನ್ಯಾ 2017ರಲ್ಲಿ ಹೊಸ ಧಾಮಗಳ ನೋಂದಣಿಯನ್ನು ತಡೆದು, 2022ರಲ್ಲಿ ಹೊಸ ಮಕ್ಕಳ ಕಾಯಿದೆಯನ್ನೂ, ಹತ್ತು ವರ್ಷಗಳಲ್ಲಿ ಸಂಸ್ಥೆಗಳಿಂದ ಕುಟುಂಬಗಳತ್ತ ಸಾಗುವ ರಾಷ್ಟ್ರೀಯ ಯೋಜನೆಯನ್ನೂ ಜಾರಿಗೆ ತಂದಿತು. ಕಾರಣ ಸರಳ: ಜಗತ್ತಿನ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಾಯಿಯೋ ತಂದೆಯೋ ಜೀವಂತವಾಗಿದ್ದಾರೆ. ಅವರನ್ನು ಅಲ್ಲಿಗೆ ತಂದುದು ಸಾವಲ್ಲ, ಬಡತನ. ಹಳ್ಳಿಯಲ್ಲಿ ಶಾಲೆಯಿಲ್ಲ, ಧಾಮದಲ್ಲಿ ಸಮವಸ್ತ್ರವೂ ಊಟವೂ ಉಂಟು ಎಂಬ ಆಕರ್ಷಣೆ. ಇದಕ್ಕಿಂತ ಹೇಯವಾದದ್ದೂ ಇದೆ. ಪರದೇಶದ ಭಕ್ತರೂ ವಿದ್ಯಾರ್ಥಿಗಳೂ ರಜೆ ಕಳೆಯಲು ಬಂದು ಮಕ್ಕಳೊಡನೆ ಆಡಿ, ಚಿತ್ರ ತೆಗೆಸಿಕೊಂಡು, ಕಾಣಿಕೆಯಿತ್ತು ಹೋಗುವ ಪದ್ಧತಿ ಬೆಳೆದಲ್ಲೆಲ್ಲ ಮಕ್ಕಳನ್ನು ಹಳ್ಳಿಗಳಿಂದ ಪುಸಲಾಯಿಸಿ ತಂದು ಅನಾಥರೆಂದು ಪ್ರದರ್ಶಿಸುವ ದಂಧೆಯೂ ಬೆಳೆಯಿತು. ಆಸ್ಟ್ರೇಲಿಯವು 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾಯಿದೆ ಮಾಡಿದಾಗ ಈ ದಂಧೆಯನ್ನೂ ಗುಲಾಮಗಿರಿಯ ಒಂದು ರೂಪವೆಂದೇ ಎಣಿಸಿತು.

ಈ ವಾದವು ಬಹುಮಟ್ಟಿಗೆ ಸರಿ ಎಂದೇ ನನ್ನ ಅಭಿಪ್ರಾಯ. ಕಿಟುಯಿಯ ಊರು ಒಂದು ಅಸಾಧಾರಣ ವಿಪತ್ತಿಗೆ ದೊರೆತ ಯುಕ್ತವಾದ ಉತ್ತರ; ಒಂದು ತಲೆಮಾರೇ ನಡುವಿನಿಂದ ಕಳಚಿಬಿದ್ದಾಗ ಉಳಿದೆರಡನ್ನು ಜೋಡಿಸಿದವರನ್ನು ಆಕ್ಷೇಪಿಸುವುದು ಅನ್ಯಾಯ. ಆದರೆ ಔಷಧವು ಸುಲಭವಾಗಿ ದೊರೆತು, ಸೋಂಕಿತ ತಾಯಂದಿರು ಬದುಕಿ ತಮ್ಮ ಮಕ್ಕಳನ್ನು ತಾವೇ ಸಾಕತೊಡಗಿರುವ ಈ ಕಾಲದಲ್ಲಿ, ಹೊಸದಾಗಿ ಧಾಮವೊಂದನ್ನು ಕಟ್ಟಹೊರಡುವವನು ಆ ಹಣವನ್ನು ಅಜ್ಜಿಯ ಮನೆಯ ಸೋರುವ ತಗಡಿಗೂ ಮಗುವಿನ ಶಾಲೆಯ ಶುಲ್ಕಕ್ಕೂ ಏಕೆ ಕೊಡಬಾರದೆಂಬುದಕ್ಕೆ ಮೊದಲು ಉತ್ತರ ಹೇಳಬೇಕು.

ಕೀನ್ಯಾದ ಅಭಯಾರಣ್ಯಗಳನ್ನು ನೋಡಲು ಈಗ ನಮ್ಮವರೂ ಸಾಕಷ್ಟು ಸಂಖ್ಯೆಯಲ್ಲಿ ಹೋಗುತ್ತಿದ್ದಾರೆ. ಸಿಂಹವನ್ನು ಕಂಡ ಮರುದಿನ ‘ಅನಾಥಾಲಯಕ್ಕೊಂದು ಭೇಟಿ’ ಎಂದು ಪ್ರವಾಸದ ಪಟ್ಟಿಯಲ್ಲಿ ಬರೆದಿದ್ದರೆ ದಯವಿಟ್ಟು ಅದನ್ನು ಹೊಡೆದುಹಾಕಿಸಿ. ಕೊಡಲೇಬೇಕೆಂಬ ಮನಸ್ಸಿದ್ದರೆ ಮನೆಯಲ್ಲಿ ಕುಳಿತು ಆ ಧಾಮಕ್ಕೆ ಒಂದು ಪತ್ರ ಬರೆದು, ಅಲ್ಲಿನ ಮಕ್ಕಳು ನ್ಯಾಯಾಲಯದ ಆಜ್ಞೆಯ ಮೇರೆಗೆ ಬಂದವರೇ, ಕಳೆದ ವರ್ಷ ಎಷ್ಟು ಮಂದಿ ಬಂಧುಗಳ ಮನೆಗೆ ಮರಳಿದರು ಎಂದು ಕೇಳಿ, ಉತ್ತರ ಬಂದ ಮೇಲೆ ಹಣ ಕಳುಹಿಸಿ.